ಅರ್ಧ ಇಳಿದ ಫೈಲು

ನಡುರಾತ್ರಿ ಎರಡು ಗಂಟೆಗೆ ಅಲಾರಾಂ ಇಟ್ಟು ಏಳುವ ಅಭ್ಯಾಸವೊಂದು ಈ ದೇಶದ ಎಷ್ಟೋ ಮನೆಗಳಲ್ಲಿ ಕೆಲವು ವರ್ಷ ಇತ್ತು. ಪರೀಕ್ಷೆಯ ಓದಿಗಲ್ಲ, ಊರಿನ ಬಸ್ಸಿಗಲ್ಲ. ಕಂಪ್ಯೂಟರಿನ ಮುಂದೆ ಕೂತು ಒಂದು ಗುಂಡಿ ಒತ್ತಿ ಮತ್ತೆ ಮಲಗುವುದಕ್ಕೆ. ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಡೇಟಾಒನ್ ಎಂಬ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಶುರುಮಾಡಿತು. ಅದರ 500 ರೂಪಾಯಿಯ ಒಂದು ಪ್ಲಾನಿನಲ್ಲಿ ಹಗಲಿನ ಬಳಕೆಗೆ ಮಿತಿ, ಮಿತಿ ದಾಟಿದರೆ ಒಂದೊಂದು ಎಂಬಿಗೂ ದುಡ್ಡು. ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಮಾತ್ರ ಲೆಕ್ಕವಿಲ್ಲ. ವೇಗ ಸೆಕೆಂಡಿಗೆ 256 ಕಿಲೋಬಿಟ್, ಅಂದರೆ ಹೆಚ್ಚೆಂದರೆ 32 ಕಿಲೋಬೈಟ್. ಆರು ಗಂಟೆಗೆ 21,600 ಸೆಕೆಂಡು. ಗುಣಿಸಿದರೆ 69 ಕೋಟಿ ಬೈಟು ಬರುತ್ತದೆ. 650 ಎಂಬಿಯ ಒಂದು ಸಿ.ಡಿ.ಯ ಅಳತೆ 68 ಕೋಟಿ ಬೈಟು ಚಿಲ್ಲರೆ. ಲೈನು ಒಂದು ಗಳಿಗೆಯೂ ತಪ್ಪದಿದ್ದರೆ ಒಂದು ರಾತ್ರಿಗೆ ಒಂದು ಸಿ.ಡಿ., ಅಷ್ಟಕ್ಕಷ್ಟೆ.

ಲೈನು ತಪ್ಪುತ್ತಿತ್ತು. ಅದಕ್ಕೇ ಡೌನ್‌ಲೋಡ್ ಮ್ಯಾನೇಜರ್ ಬೇಕಾಗಿದ್ದು. ಸಮಯ ಹೇಳಿಟ್ಟರೆ ತಾನೇ ಕೆಲಸ ಹಿಡಿದು, ಸಂಪರ್ಕ ಕಡಿದರೆ ಮತ್ತೆ ಜೋಡಿಸಿಕೊಂಡು, ಬಿಟ್ಟಲ್ಲಿಂದ ಮುಂದುವರಿಸಿ, ಎಲ್ಲ ಮುಗಿದ ಮೇಲೆ ಕಂಪ್ಯೂಟರನ್ನೂ ಆರಿಸಿ ಮಲಗಿಸುವ ಗುಮಾಸ್ತ ಅದು. ಗೆಟ್‌ರೈಟ್, ಗೋ!ಜಿಲ್ಲಾ, ರೀಗೆಟ್, ಫ್ಲ್ಯಾಶ್‌ಗೆಟ್, ಡೌನ್‌ಲೋಡ್ ಆಕ್ಸಲರೇಟರ್ ಪ್ಲಸ್, ಆಮೇಲೆ ಇಂಟರ್ನೆಟ್ ಡೌನ್‌ಲೋಡ್ ಮ್ಯಾನೇಜರ್. ಇವುಗಳಲ್ಲಿ ಒಂದಾದರೂ ಇಲ್ಲದ ಕಂಪ್ಯೂಟರು ಆ ಕಾಲದಲ್ಲಿ ಅಪರೂಪ. ಬೆಳಗ್ಗೆ ಎದ್ದು ನೋಡಿದರೆ ನೂರಕ್ಕೆ ನೂರು ಇಳಿದಿದೆ, ಹಸಿರು ಗುರುತು ಬಿದ್ದಿದೆ. ಫೈಲಿನ ಮೇಲೆ ಎರಡು ಬಾರಿ ಒತ್ತಿದರೆ ಮಾತ್ರ ‘ಸಿಆರ್‌ಸಿ ಎರರ್’. ಇಲ್ಲವೇ ‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಆರ್ಕೈವ್’. ಇಡೀ ರಾತ್ರಿ ನೀರಿಗೆ ಹೋಯಿತು.

ಆಗ ಎಲ್ಲರೂ ಬೈಯುತ್ತಿದ್ದದ್ದು ಟೆಲಿಫೋನ್ ಲೈನನ್ನು. ಮಳೆ ಬಂದರೆ ಕರಕರ ಎನ್ನುವ ತಂತಿ, ಕಂಬದ ಮೇಲಿನ ಹಳೆಯ ಪೆಟ್ಟಿಗೆ, ತುಕ್ಕು ಹಿಡಿದ ಜೋಡಣೆ. ಇಂಥ ದಾರಿಯಲ್ಲಿ ಬಂದದ್ದು ಕೆಡದೆ ಇರುತ್ತದೆಯೇ ಎಂಬುದು ಸಹಜವಾದ ವಾದ. ಆದರೆ ಹೆಚ್ಚಿನ ಸಲ ಅದು ತಪ್ಪು ವಾದ. ತಂತಿಯ ಗದ್ದಲದಿಂದ ಫೈಲನ್ನು ಕಾಪಾಡುವ ಉಪಾಯಗಳು ಆ ಹೊತ್ತಿಗೆ ಹಳೆಯವಾಗಿದ್ದವು, ಚೆನ್ನಾಗಿ ಕೆಲಸವನ್ನೂ ಮಾಡುತ್ತಿದ್ದವು. ಫೈಲು ಕೆಡುತ್ತಿದ್ದದ್ದು ಬೇರೆ ಕಡೆ, ಬಹುಮಟ್ಟಿಗೆ ತುಂಡುಗಳನ್ನು ಸೇರಿಸುವ ಜಾಗದಲ್ಲಿ. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1977ರಲ್ಲಿ ಅಮೆರಿಕದ ಶಿಕಾಗೋದ ವಾರ್ಡ್ ಕ್ರಿಸ್ಟೆನ್‌ಸನ್ ಎಂಬಾತ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಟೆಲಿಫೋನಿನ ಮೂಲಕ ಫೈಲು ಕಳಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದ. ಐಬಿಎಂನಲ್ಲಿ ಕೆಲಸ, ಮನೆಯಲ್ಲಿ ಹವ್ಯಾಸ. ಮುಂದಿನ ವರ್ಷದ ಜನವರಿಯಲ್ಲಿ ಹಿಮಪಾತಕ್ಕೆ ಊರು ಮುಚ್ಚಿಹೋದಾಗ ಗೆಳೆಯ ರ್‍ಯಾಂಡಿ ಸ್ಯೂಸ್ ಜೊತೆ ಸೇರಿ ಆತ ಕಟ್ಟಿದ ಸಾರ್ವಜನಿಕ ಬುಲೆಟಿನ್ ಬೋರ್ಡ್ ವ್ಯವಸ್ಥೆ ಹೆಚ್ಚು ಹೆಸರುವಾಸಿ. ಆದರೆ ಫೈಲು ಕಳಿಸುವ ಆ ಪದ್ಧತಿಯೇ, ಮುಂದೆ ಎಕ್ಸ್‌ಮೋಡೆಮ್ ಎಂದು ಹೆಸರಾದದ್ದು, ಹೆಚ್ಚು ದೂರ ಹೋಯಿತು ಎನ್ನಬೇಕು. ಅದರ ಕ್ರಮ ಸರಳ. ಫೈಲನ್ನು 128 ಬೈಟಿನ ತುಂಡುಗಳಾಗಿ ಮಾಡು. ಪ್ರತಿ ತುಂಡಿಗೂ ಕ್ರಮಸಂಖ್ಯೆ ಹಾಕು. ಕೊನೆಯಲ್ಲಿ ಎಲ್ಲ ಬೈಟುಗಳನ್ನೂ ಕೂಡಿ ಬಂದ ಮೊತ್ತದ ಒಂದು ಬೈಟನ್ನು ಜೊತೆಗೆ ಕಳಿಸು. ಆ ಕಡೆಯವನು ತಾನೂ ಕೂಡಿ ನೋಡುತ್ತಾನೆ. ಮೊತ್ತ ತಾಳೆಯಾದರೆ ‘ಸರಿ’ ಎನ್ನುತ್ತಾನೆ, ಇಲ್ಲದಿದ್ದರೆ ‘ಇನ್ನೊಮ್ಮೆ’ ಎನ್ನುತ್ತಾನೆ.

ಕೂಡುವ ಲೆಕ್ಕಕ್ಕೆ ಒಂದು ದೋಷವಿದೆ. ಕಿರಾಣಿ ಚೀಟಿಯಲ್ಲಿ ಬೆಲ್ಲದ ಬೆಲೆಯನ್ನು ಅವಲಕ್ಕಿಗೂ ಅವಲಕ್ಕಿಯ ಬೆಲೆಯನ್ನು ಬೆಲ್ಲಕ್ಕೂ ಬರೆದರೆ ಕೆಳಗಿನ ಮೊತ್ತ ಬದಲಾಗುವುದಿಲ್ಲ. ಎರಡು ಬೈಟುಗಳು ಅದಲುಬದಲಾದರೂ ಹಾಗೆಯೇ. ಇದಕ್ಕೆ ಪರಿಹಾರ ಮೊದಲೇ ಇತ್ತು. 1961ರಷ್ಟು ಹಿಂದೆಯೇ ವೆಸ್ಲಿ ಪೀಟರ್ಸನ್ ಎಂಬ ಗಣಿತಜ್ಞ ಕೂಡುವುದರ ಬದಲು ಭಾಗಿಸಿ ಶೇಷವನ್ನು ಇಟ್ಟುಕೊಳ್ಳುವ ವಿಧಾನವನ್ನು ಚೊಕ್ಕವಾಗಿ ವಿವರಿಸಿದ್ದ. ಅದೇ ಸಿಆರ್‌ಸಿ. ಬೆಳಗಿನ ಆ ‘ಸಿಆರ್‌ಸಿ ಎರರ್’ ಸಂದೇಶದಲ್ಲಿ ಇರುವ ಹೆಸರೂ ಅದೇ. ಅಂದರೆ ಸಂದೇಶ ಹೇಳುತ್ತಿದ್ದದ್ದು ಇಷ್ಟು: ಫೈಲನ್ನು ಕಟ್ಟಿದವರು ಬರೆದಿಟ್ಟ ಶೇಷಕ್ಕೂ ಈಗ ಭಾಗಿಸಿ ಬಂದ ಶೇಷಕ್ಕೂ ತಾಳೆಯಿಲ್ಲ. ಎಲ್ಲಿ ತಪ್ಪಿತು, ಯಾರಿಂದ ತಪ್ಪಿತು ಎಂಬುದು ಅದಕ್ಕೂ ಗೊತ್ತಿಲ್ಲ.

ಬಿಟ್ಟಲ್ಲಿಂದ ಮುಂದುವರಿಸುವ ಜಾಣ್ಮೆಯನ್ನು ಮೋಡೆಮ್ ಬಳಸುವವರ ಮನೆಮನೆಗೆ ತಂದದ್ದು ಝಡ್‌ಮೋಡೆಮ್. ಚಕ್ ಫೋರ್ಸ್‌ಬರ್ಗ್ 1986ರಲ್ಲಿ ಟೆಲಿನೆಟ್ ಎಂಬ ಕಂಪನಿಗಾಗಿ ಅದನ್ನು ರೂಪಿಸಿದ. ಕಂಪನಿ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಪ್ರತಿ ತುಂಡಿಗೂ ಉತ್ತರಕ್ಕಾಗಿ ಕಾಯದೆ ಒಂದೇ ಸಮನೆ ಕಳಿಸುತ್ತಾ ಹೋಗುವುದು ಅದರ ಒಂದು ಗುಣ. ಸಂಪರ್ಕ ಕಡಿದರೆ, ಮತ್ತೆ ಜೋಡಿಸಿದಾಗ ‘ನನ್ನ ಹತ್ತಿರ ಇಷ್ಟು ಬೈಟು ಇದೆ, ಮುಂದಿನದು ಕೊಡು’ ಎಂದು ಕೇಳುವುದು ಇನ್ನೊಂದು.

ಭಾರತಕ್ಕೆ ಸಾರ್ವಜನಿಕ ಇಂಟರ್ನೆಟ್ ಬಂದಾಗ ಝಡ್‌ಮೋಡೆಮ್ ಕೂಡ ಜೊತೆಗೆ ಬಂತು. ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, 1995ರ ಆಗಸ್ಟ್ 15ರಂದು ಸೇವೆ ಶುರುಮಾಡಿತು. ಪೂರ್ತಿ ಸಂಪರ್ಕ ದುಬಾರಿ. ವಿದ್ಯಾರ್ಥಿಗಳಿಗೂ ಸಾಮಾನ್ಯರಿಗೂ ಕೈಗೆಟುಕುತ್ತಿದ್ದದ್ದು ಶೆಲ್ ಖಾತೆ. ಅದರಲ್ಲಿ ಚಿತ್ರವಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಒಂದು ಫೈಲು ಬೇಕಾದರೆ ಎರಡು ಹೆಜ್ಜೆ. ಮೊದಲು ಪರದೇಶದ ಯಂತ್ರದಿಂದ ವಿಎಸ್‌ಎನ್‌ಎಲ್‌ನ ಯಂತ್ರಕ್ಕೆ ತರಿಸಿಕೊಳ್ಳಬೇಕು, ಆಮೇಲೆ ಅಲ್ಲಿಂದ ಮನೆಗೆ ಝಡ್‌ಮೋಡೆಮ್‌ನಲ್ಲಿ ಇಳಿಸಬೇಕು. ತಂಗಿಯೋ ಅತ್ತೆಯೋ ಒಳಕೋಣೆಯ ಪ್ಯಾರಲಲ್ ಫೋನು ಎತ್ತಿದರೆ ಸಂಪರ್ಕ ಹೋಯಿತು. ಹೋದರೂ ಅಷ್ಟರವರೆಗೆ ಬಂದದ್ದು ಉಳಿಯುತ್ತಿತ್ತು. ಇದೊಂದು ವಿಚಿತ್ರ. ಕಪ್ಪು ಪರದೆಯ ಬಡ ಖಾತೆಯಲ್ಲಿ ಇದ್ದ ಸೌಕರ್ಯ, ಚಿತ್ರಗಳಿಂದ ತುಂಬಿದ ದುಬಾರಿ ಖಾತೆಯ ಬ್ರೌಸರಿನಲ್ಲಿ ಇರಲಿಲ್ಲ.

ಬ್ರೌಸರಿಗೆ ಆ ಬುದ್ಧಿ ಇಲ್ಲದ್ದಕ್ಕೆ ಕಾರಣ ವೆಬ್ಬಿನ ಹುಟ್ಟಿನಲ್ಲಿದೆ. ವೆಬ್ಬನ್ನು ಕಟ್ಟಿದವರ ಕಣ್ಣಮುಂದೆ ಇದ್ದದ್ದು ಪುಟಗಳು, ಕೆಲವೇ ಕಿಲೋಬೈಟಿನವು. ಪುಟ ಅರ್ಧ ಬಂದರೆ ಮತ್ತೆ ಕೇಳಿದರಾಯಿತು. 1996ರ ಮೇನಲ್ಲಿ ದಾಖಲಾದ ಎಚ್‌ಟಿಟಿಪಿ 1.0 ಕ್ರಮದಲ್ಲಿ ಫೈಲಿನ ನಡುವಿನಿಂದ ಕೇಳುವ ಮಾತೇ ಇಲ್ಲ. 1997ರ ಜನವರಿಯಲ್ಲಿ ಬಂದ 1.1ರಲ್ಲಿ ಅದು ಸೇರಿತು. ಈಗ ಬ್ರೌಸರು ‘ಐದು ಲಕ್ಷನೆಯ ಬೈಟಿನಿಂದ ಮುಂದೆ ಕೊಡು’ ಎಂದು ಕೇಳಬಹುದು. ಒಪ್ಪಿದರೆ ಸರ್ವರು 206 ಎಂಬ ಸಂಖ್ಯೆಯೊಡನೆ ಉತ್ತರಿಸಿ ಉಳಿದ ಭಾಗವನ್ನಷ್ಟೇ ಕೊಡುತ್ತದೆ. ಒಪ್ಪದಿದ್ದರೆ 200 ಎಂದು ಹೇಳಿ ಇಡೀ ಫೈಲನ್ನು ಮೊದಲಿನಿಂದ ಕೊಡುತ್ತದೆ. ಎರಡೂ ನಿಯಮಬದ್ಧ ಉತ್ತರಗಳೇ.

ಡೌನ್‌ಲೋಡ್ ಮ್ಯಾನೇಜರುಗಳ ಸುವರ್ಣಕಾಲ ಹುಟ್ಟಿದ್ದು ಈ ಸಂದಿಯಲ್ಲಿ. ನಿಯಮ ಬಂದಿತ್ತು, ಬ್ರೌಸರುಗಳು ಅದನ್ನು ಬಳಸುತ್ತಿರಲಿಲ್ಲ. ಸರ್ವರುಗಳಲ್ಲಿ ಕೆಲವು ಒಪ್ಪುತ್ತಿದ್ದವು, ಕೆಲವು ಇಲ್ಲ. ನಡುವೆ ನಿಂತು ಈ ವ್ಯವಹಾರ ಕುದುರಿಸುವ ದಲ್ಲಾಳಿ ಬೇಕಿತ್ತು. ಫೈಲು ಕೆಡುತ್ತಿದ್ದದ್ದು ಕೂಡ ಇದೇ ಸಂದಿಯಲ್ಲಿ.

ಅತಿ ಸರಳವಾದ ಪ್ರಸಂಗ ಇದು. ಹತ್ತು ಎಂಬಿಯ ಫೈಲು, ಆರು ಎಂಬಿ ಇಳಿದ ಮೇಲೆ ಸಂಪರ್ಕ ಹೋಯಿತು. ಮತ್ತೆ ಜೋಡಿಸಿ, ಮ್ಯಾನೇಜರು ಆರರಿಂದ ಮುಂದೆ ಕೇಳಿತು. ಸರ್ವರು 200 ಎಂದು ಹೇಳಿ ಮೊದಲಿನಿಂದ ಕೊಡತೊಡಗಿತು. ಎಚ್ಚರದಿಂದ ಬರೆದ ಮ್ಯಾನೇಜರು ಆ ಸಂಖ್ಯೆಯನ್ನು ನೋಡಿ ಹಳೆಯ ಆರು ಎಂಬಿಯನ್ನು ಎಸೆಯುತ್ತದೆ. ಅವಸರದಲ್ಲಿ ಬರೆದದ್ದು ಬಂದದ್ದನ್ನೆಲ್ಲ ಹಳೆಯದರ ಬಾಲಕ್ಕೆ ಅಂಟಿಸುತ್ತಾ ಹೋಗಿ, ಹತ್ತು ಎಂಬಿ ಆದಕೂಡಲೇ ನಿಲ್ಲಿಸುತ್ತದೆ. ಅಳತೆ ಸರಿಯಾಗಿದೆ, ಹೆಸರು ಸರಿಯಾಗಿದೆ, ಒಳಗೆ ಮಾತ್ರ ಮೊದಲ ಆರು ಎಂಬಿ ಆದಮೇಲೆ ಮತ್ತೆ ಮೊದಲ ನಾಲ್ಕು ಎಂಬಿ. ಪುಸ್ತಕ ಕಟ್ಟುವವನು ಒಂದೇ ಫಾರಂ ಎರಡು ಸಲ ಹೊಲಿದು ಕೊನೆಯದನ್ನು ಬಿಟ್ಟ ಹಾಗೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಸೂಕ್ಷ್ಮ. ನಡುವಿನ ಪ್ರಾಕ್ಸಿ ಯಂತ್ರಕ್ಕೆ ಮೂಲ ಸರ್ವರಿನ ಸಂಪರ್ಕ ತಪ್ಪಿದಾಗ ಅದು ಸುಮ್ಮನಿರದೆ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಸಣ್ಣ ಪುಟವನ್ನು ಕಳಿಸುತ್ತಿತ್ತು. ಮ್ಯಾನೇಜರಿಗೆ ಅದು ಕ್ಷಮಾಪಣೆ ಎಂದು ತಿಳಿಯುವುದು ಹೇಗೆ? ಬಂದ ಅಕ್ಷರಗಳನ್ನು ಫೈಲಿನ ಕೊನೆಗೆ ಸೇರಿಸಿ, ಮುಂದಿನ ಸಲ ಅಲ್ಲಿಂದ ಮುಂದೆ ಕೇಳುತ್ತಿತ್ತು. ಹಾಡಿನ ನಡುವೆ ಯಾವುದೋ ಕಚೇರಿಯ ಕ್ಷಮಾಪಣೆ ಶಾಶ್ವತವಾಗಿ ಸೇರಿಹೋಯಿತು. ಗೆಟ್‌ರೈಟ್‌ನಂಥ ಅನುಭವಿ ತಂತ್ರಾಂಶಗಳು ಇದಕ್ಕೊಂದು ಉಪಾಯ ಮಾಡಿದ್ದವು. ಮುಂದುವರಿಸುವಾಗ ನಿಂತ ಜಾಗದಿಂದಲೇ ಶುರುಮಾಡದೆ, ಕೆಲವು ಕಿಲೋಬೈಟು ಹಿಂದಕ್ಕೆ ಸರಿದು ಅಲ್ಲಿಂದ ತೆಗೆದುಕೊಳ್ಳುವುದು. ಕೊನೆಯಲ್ಲಿ ಕಸ ಸೇರಿದ್ದರೆ ಅದರ ಮೇಲೆ ಸರಿಯಾದದ್ದು ಬಂದು ಕೂರುತ್ತದೆ. ಕೊನೆಯ ಹೊಲಿಗೆಯನ್ನು ನಂಬದೆ ನಾಲ್ಕು ಹೊಲಿಗೆ ಬಿಚ್ಚಿ ಮುಂದುವರಿಸುವ ದರ್ಜಿಗೆ ಈ ಉಪಾಯವನ್ನು ಯಾರೂ ಹೇಳಿಕೊಡಬೇಕಿಲ್ಲ.

ಆಮೇಲೆ ಬಂತು ವೇಗದ ಪೈಪೋಟಿ. ಒಂದೇ ಫೈಲನ್ನು ನಾಲ್ಕೋ ಎಂಟೋ ತುಂಡಾಗಿ ಕೇಳಿದರೆ ಬೇಗ ಬರುತ್ತದೆ ಎಂಬುದು ಆಕ್ಸಲರೇಟರುಗಳ ಜಾಹೀರಾತು. ಡಯಲ್‌ಅಪ್‌ನಲ್ಲಿ ಇದರಿಂದ ಆಗುತ್ತಿದ್ದ ಲಾಭ ಅಷ್ಟಕ್ಕಷ್ಟೆ. ಮನೆಯ ನಲ್ಲಿ ಸಣ್ಣದಿದ್ದರೆ ಎಂಟು ಕೊಡ ಇಟ್ಟರೂ ನೀರು ಅಷ್ಟೇ. ಸರ್ವರು ಒಬ್ಬೊಬ್ಬರಿಗೆ ಇಷ್ಟೇ ಎಂದು ಅಳೆದು ಕೊಡುತ್ತಿದ್ದಲ್ಲಿ ಮಾತ್ರ ಅದು ನಿಜವಾಗಿ ಉಪಯೋಗ. ಅಪಾಯವಂತೂ ಹೆಚ್ಚಿತು. ಒಂದು ಹೊಲಿಗೆ ಇದ್ದಲ್ಲಿ ಏಳು ಹೊಲಿಗೆ. ಮ್ಯಾನೇಜರು ಮೊದಲೇ ಪೂರ್ತಿ ಅಳತೆಯ ಖಾಲಿ ಫೈಲು ಮಾಡಿಟ್ಟು, ತುಂಡುಗಳನ್ನು ಅವುಗಳ ಜಾಗದಲ್ಲಿ ತುಂಬುತ್ತಾ, ಯಾವುದು ಎಲ್ಲಿಯವರೆಗೆ ಬಂತು ಎಂಬ ಲೆಕ್ಕವನ್ನು ಬೇರೆ ಬರೆದುಕೊಳ್ಳುತ್ತದೆ. ಕರೆಂಟು ಹೋದಾಗ ಲೆಕ್ಕ ಡಿಸ್ಕಿಗೆ ಹೋಗಿ ತುಂಡು ಹೋಗದಿದ್ದರೆ, ಲೆಕ್ಕದ ಪ್ರಕಾರ ತುಂಬಿದ ಜಾಗ ನಿಜದಲ್ಲಿ ಬರೀ ಸೊನ್ನೆ. ಸಂಜೆ ಲೋಡ್‌ಶೆಡ್ಡಿಂಗ್ ಇದ್ದ ಊರುಗಳಲ್ಲಿ, ಯುಪಿಎಸ್ ಇಲ್ಲದ ಮನೆಗಳಲ್ಲಿ, ಇದು ಸಣ್ಣ ಸಂಗತಿಯಾಗಿರಲಿಲ್ಲ. ಕೆಲವು ಮ್ಯಾನೇಜರುಗಳು ಬೇರೆಬೇರೆ ಕನ್ನಡಿ ತಾಣಗಳಿಂದ ಬೇರೆಬೇರೆ ತುಂಡು ತರುತ್ತಿದ್ದವು. ಒಂದು ತಾಣದಲ್ಲಿ ಹೊಸ ಆವೃತ್ತಿ, ಇನ್ನೊಂದರಲ್ಲಿ ಅದೇ ಹೆಸರಿನ ಹಳೆಯದು ಇದ್ದರೆ ಮುಗಿಯಿತು: ಆನೆಯ ತಲೆ, ಒಂಟೆಯ ಕಾಲು. ಫೈಲು ಬದಲಾಗಿದೆಯೇ ಎಂದು ಕೇಳಿ ತಿಳಿಯುವ ಗುರುತುಚೀಟಿಯ ವ್ಯವಸ್ಥೆ ಎಚ್‌ಟಿಟಿಪಿ 1.1ರಲ್ಲೇ ಇತ್ತು. ಇದ್ದದ್ದನ್ನು ಬಳಸದವರು ಬಹಳ.

ಕೆಟ್ಟ ಫೈಲುಗಳ ಪೈಕಿ ಜಿಪ್ ಫೈಲಿನದು ಬೇರೆಯೇ ಕಥೆ. ಫಿಲ್ ಕ್ಯಾಟ್ಜ್ 1989ರಲ್ಲಿ ರೂಪಿಸಿದ ಈ ಗಂಟಿನ ಪರಿವಿಡಿ ಮೊದಲಲ್ಲಿಲ್ಲ, ಕೊನೆಯಲ್ಲಿದೆ. ಗಂಟಿಗೆ ಹೊಸದನ್ನು ಸೇರಿಸುವುದು ಸುಲಭವಾಗಲಿ ಎಂಬುದಕ್ಕೆ ಆ ಏರ್ಪಾಡು. ಆದರೆ ಬಾಲ ತುಂಡಾದ ಜಿಪ್ ಎಂದರೆ ಪರಿವಿಡಿಯೇ ಇಲ್ಲದ ಜಿಪ್. ತೊಂಬತ್ತೊಂಬತ್ತು ಪಾಲು ಇಳಿದಿದ್ದರೂ ತೆರೆಯುವುದಿಲ್ಲ. ಅರ್ಧ ಇಳಿದ ಎಂಪಿ3 ಹಾಡು ಅರ್ಧವಾದರೂ ಕೇಳುತ್ತದೆ, ಜಿಪ್ ಹಾಗಲ್ಲ. ಸೈಬರ್ ಕೆಫೆಯಲ್ಲಿ ಇಳಿಸಿ, 1.44 ಎಂಬಿಯ ಫ್ಲಾಪಿಗಳಿಗೆ ತುಂಡುಮಾಡಿ ಹಾಕಿಕೊಂಡು ಮನೆಗೆ ಬಂದವರಿಗೆ ಇದು ಚೆನ್ನಾಗಿ ಗೊತ್ತು. ಮೊದಲನೆಯ ಫ್ಲಾಪಿ ಹಾಕಿದರೆ ಕಂಪ್ಯೂಟರು ‘ಕೊನೆಯದನ್ನು ಹಾಕಿ’ ಎನ್ನುತ್ತಿತ್ತು. ಏಳರಲ್ಲಿ ಏಳನೆಯದೇ ಕೆಟ್ಟಿದ್ದರೆ ಉಳಿದ ಆರು ಇದ್ದೂ ಇಲ್ಲದ ಹಾಗೆ.

ಇದಕ್ಕೆ ವಿರುದ್ಧವಾಗಿ, ಕೆಡುವುದನ್ನು ಮೊದಲೇ ಊಹಿಸಿ ಕಟ್ಟಿದ್ದು ಪಿಎನ್‌ಜಿ ಎಂಬ ಚಿತ್ರದ ಫೈಲು. 1990ರ ದಶಕದ ನಡುವಿನಲ್ಲಿ ಅದನ್ನು ರೂಪಿಸಿದವರು ಮೊದಲ ಎಂಟು ಬೈಟುಗಳನ್ನು ಹೀಗೆ ಇಟ್ಟರು: 137, 80, 78, 71, 13, 10, 26, 10. ನಡುವಿನ ಮೂರು ಪಿ, ಎನ್, ಜಿ ಅಕ್ಷರಗಳು. ಉಳಿದ ಒಂದೊಂದೂ ಒಂದೊಂದು ಅಪಘಾತದ ಪತ್ತೆಗೆ. 137 ಎನ್ನುವುದು 127ಕ್ಕಿಂತ ದೊಡ್ಡದಾದ್ದರಿಂದ, ಎಂಟನೆಯ ಬಿಟ್ಟನ್ನು ಕತ್ತರಿಸುವ ಹಳೆಯ ದಾರಿಯಲ್ಲಿ ಬಂದರೆ ಅದು ಬದಲಾಗಿ ಸಿಕ್ಕಿಬೀಳುತ್ತದೆ. 13, 10 ಮತ್ತು ಕೊನೆಯ 10 ಸಾಲು ಮುರಿಯುವ ಗುರುತುಗಳು. ಎಫ್‌ಟಿಪಿಯಲ್ಲಿ ಚಿತ್ರವನ್ನು ತಪ್ಪಿ ‘ಅಕ್ಷರ’ದ ರೀತಿಯಲ್ಲಿ ತಂದರೆ, ಯುನಿಕ್ಸ್‌ನ ಸಾಲುಗುರುತು ವಿಂಡೋಸಿನದಾಗಿಯೋ ವಿಂಡೋಸಿನದು ಯುನಿಕ್ಸ್‌ನದಾಗಿಯೋ ಬದಲಾಗಿ ಇಡೀ ಫೈಲು ಹದಗೆಡುತ್ತಿತ್ತು. ಆ ಬದಲಾವಣೆ ಮೊದಲ ಸಾಲಿನಲ್ಲೇ ಗೊತ್ತಾಗಲಿ ಎಂದು ಈ ಮೂರು. 26 ಎಂಬುದು ಡಾಸ್‌ನಲ್ಲಿ ಫೈಲನ್ನು ಅಕ್ಷರವಾಗಿ ತೋರಿಸಹೋದರೆ ಅಲ್ಲೇ ನಿಲ್ಲಿಸುವ ಗುರುತು. ಎಂಟು ಬೈಟಿನಲ್ಲಿ ಇಪ್ಪತ್ತು ವರ್ಷದ ಪೆಟ್ಟುಗಳ ನೆನಪು ಇದೆ. ಇವತ್ತಿಗೂ ಫೋನಿನಲ್ಲಿ ತೆಗೆದ ಪ್ರತಿ ಪಿಎನ್‌ಜಿ ಸ್ಕ್ರೀನ್‌ಶಾಟಿನ ತಲೆಯ ಮೇಲೆ ಅವು ಹಾಗೆಯೇ ಕೂತಿವೆ.

ಹಾಗಾದರೆ ದಾರಿಯಲ್ಲಿ ಏನೂ ಕೆಡುವುದೇ ಇಲ್ಲವೇ? ಮೋಡೆಮ್‌ಗಳು 1980ರ ದಶಕದ ಕೊನೆಯಿಂದಲೇ ತಂತಿಯ ಗದ್ದಲವನ್ನು ತಾವೇ ಹಿಡಿದು ಮತ್ತೆ ಕಳಿಸುತ್ತಿದ್ದವು. ಅದರ ಮೇಲೆ ಇಂಟರ್ನೆಟ್ಟಿನ ಟಿಸಿಪಿ ಪ್ರತಿ ಪೊಟ್ಟಣಕ್ಕೂ 16 ಬಿಟ್ಟಿನ ಮೊತ್ತವೊಂದನ್ನು ಇಡುತ್ತದೆ. ಹಾಗಾಗಿ ಲೈನು ಕೆಟ್ಟರೆ ಇಳಿಯುವುದು ನಿಧಾನವಾಗುತ್ತಿತ್ತು, ನಿಲ್ಲುತ್ತಿತ್ತು. ಹಾಳಾಗುವುದು ಅಪರೂಪ. ಅಪರೂಪ ಎಂದರೆ ಎಷ್ಟು ಎಂಬುದನ್ನು ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ 2000ದಲ್ಲಿ ಅಳೆದು ನೋಡಿದರು. ಅವರು ಗಮನಿಸಿದ ಜಾಲಗಳಲ್ಲಿ 1,100ಕ್ಕೆ ಒಂದರಿಂದ 32,000ಕ್ಕೆ ಒಂದು ಪೊಟ್ಟಣದಲ್ಲಿ ಮೊತ್ತ ತಾಳೆಯಾಗಿರಲಿಲ್ಲ. ತಂತಿಯ ಮೇಲೆ ಸಿಆರ್‌ಸಿ ಕಾವಲಿದ್ದರೂ ಹೀಗೆ. ಕಾರಣ ಹುಡುಕಿದರೆ ಬೆರಳು ಹೋದದ್ದು ತಂತಿಯ ಕಡೆಗಲ್ಲ: ಎರಡೂ ತುದಿಯ ಕಂಪ್ಯೂಟರು, ಅವುಗಳ ತಂತ್ರಾಂಶದ ದೋಷ, ನಡುವಿನ ರೌಟರುಗಳ ನೆನಪಿನ ಚಿಪ್ಪು. ಪೊಟ್ಟಣ ಒಂದು ತಂತಿಯಿಂದ ಇಳಿದು ಇನ್ನೊಂದನ್ನು ಹತ್ತುವ ಮೊದಲು ಯಂತ್ರದ ಒಳಗೆ ಇರುವ ಆ ಗಳಿಗೆಯಲ್ಲಿ ಕಾವಲುಗಾರ ಇರುವುದಿಲ್ಲ. ಎರಡೂ ಕಾವಲನ್ನು ದಾಟಿ ಪತ್ತೆಯಾಗದೆ ಹೋಗುವ ತಪ್ಪು 1.6 ಕೋಟಿ ಪೊಟ್ಟಣಕ್ಕೆ ಒಂದರಿಂದ 1,000 ಕೋಟಿಗೆ ಒಂದರ ನಡುವೆ ಇರಬಹುದೆಂದು ಅವರ ಅಂದಾಜು. ಲೈನನ್ನು ಬೈದವರು ಲೈನ್‌ಮನ್‌ಗೆ ಒಂದು ಕ್ಷಮೆ ಕೇಳಬಹುದಿತ್ತು.

ಡೌನ್‌ಲೋಡ್ ಮ್ಯಾನೇಜರುಗಳು ಇನ್ನೊಂದು ಬಗೆಯಲ್ಲೂ ಕೆಟ್ಟವು. ಪುಕ್ಕಟೆ ಹಂಚಿದ ತಂತ್ರಾಂಶಕ್ಕೆ ದುಡ್ಡು ಎಲ್ಲಿಂದ ಬರಬೇಕು? ಜಾಹೀರಾತಿನಿಂದ. ಯಾರು ಏನನ್ನು ಇಳಿಸಿಕೊಳ್ಳುತ್ತಾರೆ ಎಂಬ ಪಟ್ಟಿಗಿಂತ ಜಾಹೀರಾತುದಾರರಿಗೆ ಬೆಲೆಬಾಳುವ ಪಟ್ಟಿ ಇನ್ನೊಂದಿಲ್ಲ, ಆ ಪಟ್ಟಿ ಇರುವುದು ಡೌನ್‌ಲೋಡ್ ಮ್ಯಾನೇಜರಿನ ಕೈಯಲ್ಲೇ. ನೆಟ್‌ಸ್ಕೇಪ್ ಕಂಪನಿ ಸ್ಮಾರ್ಟ್‌ಡೌನ್‌ಲೋಡ್ ಎಂಬ ತಂತ್ರಾಂಶವನ್ನು ಪುಕ್ಕಟೆ ಕೊಟ್ಟಿತ್ತು. ಸಂಪರ್ಕ ಕಡಿದರೂ ಇಳಿದದ್ದು ಹಾಳಾಗುವುದಿಲ್ಲ ಎಂಬುದೇ ಅದರ ಆಕರ್ಷಣೆ. ಬಳಸಿದವರು ಏನೇನು ಇಳಿಸಿಕೊಂಡರೆಂಬ ವಿವರವನ್ನು ಅದು ಗುಟ್ಟಾಗಿ ಕಂಪನಿಗೆ ಕಳಿಸುತ್ತದೆ ಎಂದು ಕೆಲವರು ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋದರು. ಇಳಿಸಿಕೊಂಡಾಗಲೇ ನೀವು ನಮ್ಮ ಕರಾರಿಗೆ ಒಪ್ಪಿದ್ದೀರಿ, ಕರಾರಿನಂತೆ ಪಂಚಾಯ್ತಿಗೆ ಬನ್ನಿ, ಕೋರ್ಟಿಗಲ್ಲ ಎಂದಿತು ಕಂಪನಿ. ಕರಾರಿನ ಮಾತು ಇದ್ದದ್ದು ಡೌನ್‌ಲೋಡ್ ಗುಂಡಿಯ ಕೆಳಗೆ, ಪುಟವನ್ನು ಇನ್ನೂ ಜಾರಿಸಿದರೆ ಮಾತ್ರ ಕಾಣುವ ಜಾಗದಲ್ಲಿ. 2002ರ ಅಕ್ಟೋಬರಿನಲ್ಲಿ ಮೇಲ್ಮನವಿ ನ್ಯಾಯಾಲಯ, ಕಣ್ಣಿಗೇ ಬೀಳದ ಕರಾರಿಗೆ ಒಪ್ಪಿಗೆ ಎಂಬುದಿಲ್ಲ ಎಂದು ತೀರ್ಪು ಕೊಟ್ಟಿತು. ತೀರ್ಪು ಬರೆದವರು ಸೋನಿಯಾ ಸೊಟೊಮೇಯರ್, 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದವರು. ಆನ್‌ಲೈನ್ ಕರಾರುಗಳ ಕಾನೂನು ಓದುವವರು ಇವತ್ತಿಗೂ ಈ ಮೊಕದ್ದಮೆಯನ್ನು ಓದುತ್ತಾರೆ. ಡೌನ್‌ಲೋಡ್ ಮ್ಯಾನೇಜರು ಲೋಕಕ್ಕೆ ಬಿಟ್ಟುಹೋದ ಆಸ್ತಿಗಳಲ್ಲಿ ಇದೂ ಒಂದು.

ಇಳಿದದ್ದು ಇಡಿಯಾಗಿದೆಯೇ ಎಂದು ತಿಳಿಯಲು ಕೊನೆಗೆ ಉಳಿದ ಭರವಸೆ ಹ್ಯಾಶ್. ರೊನಾಲ್ಡ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5 ಎಷ್ಟೇ ದೊಡ್ಡ ಫೈಲನ್ನು ಅರೆದು 32 ಅಕ್ಷರದ ಒಂದು ಸಾಲು ಕೊಡುತ್ತದೆ. ಲಿನಕ್ಸ್ ಹಂಚುವವರು ಸಿ.ಡಿ.ಯ ಫೈಲಿನ ಪಕ್ಕದಲ್ಲಿ ಆ ಸಾಲನ್ನೂ ಇಡುತ್ತಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ಕಣ್ಣಾಡಿಸಿದರೆ ಮುಗಿಯಿತು. ಆದರೆ ಆಗಿನ ವಿಂಡೋಸಿನಲ್ಲಿ ಸಾಮಾನ್ಯ ಬಳಕೆದಾರನ ಕೈಗೆ ಸಿಗುವಂತೆ ಆ ಲೆಕ್ಕ ಮಾಡುವ ಸಾಧನ ಇರಲಿಲ್ಲ. ಡೌನ್‌ಲೋಡ್ ಸರಿಯಾಗಿದೆಯೇ ಎಂದು ನೋಡಲು ಇನ್ನೊಂದನ್ನು ಡೌನ್‌ಲೋಡ್ ಮಾಡಬೇಕಿತ್ತು. ಹೆಚ್ಚಿನವರು ಅಷ್ಟು ದೂರ ಹೋಗದೆ ಪತ್ರಿಕೆಯ ಜೊತೆ ಬರುವ ಸಿ.ಡಿ.ಗೆ ಕಾಯುತ್ತಿದ್ದರು. ಪಿಸಿ ಕ್ವೆಸ್ಟ್ ಪತ್ರಿಕೆಯ ಲಿನಕ್ಸ್ ಸಿ.ಡಿ.ಗಳಿಂದಲೇ ಲಿನಕ್ಸ್ ಕಲಿತ ಒಂದು ಪೀಳಿಗೆ ಈ ದೇಶದಲ್ಲಿದೆ. ಅಂಚೆಯಲ್ಲಿ ಬಂದ ಸಿ.ಡಿ. ಮುರಿಯಬಹುದು, ಅರ್ಧ ಮಾತ್ರ ಬರುವುದಿಲ್ಲ.

ಹ್ಯಾಶ್‌ಗೂ ಮಿತಿಯಿದೆ. 2004ರಲ್ಲಿ ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಜೊತೆಗಾರರು ಒಂದೇ ಎಂಡಿ5 ಬರುವ ಎರಡು ಬೇರೆ ದತ್ತಾಂಶಗಳನ್ನು ತೋರಿಸಿಕೊಟ್ಟರು. ಆಕಸ್ಮಿಕವಾಗಿ ಕೆಡುವುದನ್ನು ಹಿಡಿಯಲು ಅದು ಈಗಲೂ ಸಾಕು, ಬೇಕೆಂದು ಕೆಡಿಸುವವನ ಎದುರು ಸಾಲದು. 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್ ತಾಣಕ್ಕೆ ನುಗ್ಗಿದವರು ಇಳಿಸುವ ಕೊಂಡಿಯನ್ನೇ ಬದಲಾಯಿಸಿ, ಕಳ್ಳಬಾಗಿಲಿಟ್ಟ ಫೈಲಿನ ಕಡೆಗೆ ತಿರುಗಿಸಿಬಿಟ್ಟರು. ಪುಟವೇ ಕಳ್ಳನ ಕೈಯಲ್ಲಿರುವಾಗ ಅದೇ ಪುಟದಲ್ಲಿ ಬರೆದಿಟ್ಟ ಹ್ಯಾಶ್ ಯಾರಿಗೆ ಸಾಕ್ಷಿ? ಬ್ರ್ಯಾಮ್ ಕೋಹೆನ್ 2001ರಲ್ಲಿ ಹೊರತಂದ ಬಿಟ್‌ಟೊರೆಂಟ್ ಈ ಇಡೀ ಸಮಸ್ಯೆಗೆ ಸಿಕ್ಕ ಅತಿ ಚೊಕ್ಕ ಉತ್ತರ ಎನ್ನಬಹುದು. ಅದರಲ್ಲಿ ಫೈಲಿನ ಪ್ರತಿ ತುಂಡಿಗೂ ಬೇರೆ ಹ್ಯಾಶ್. ಯಾರ ಹತ್ತಿರದಿಂದ ಬಂದರೂ ತಾಳೆ ನೋಡಿ ಒಳಗೆ ಬಿಡುವುದು, ಕೆಟ್ಟ ತುಂಡನ್ನು ಮಾತ್ರ ಎಸೆದು ಮತ್ತೆ ತರಿಸುವುದು. ಕ್ರಿಸ್ಟೆನ್‌ಸನ್‌ನ 128 ಬೈಟಿನ ಲೆಕ್ಕವೇ ದೊಡ್ಡ ವೇಷದಲ್ಲಿ ಮರಳಿ ಬಂದಿತ್ತು. ಕಳ್ಳ ಸಿನಿಮಾಗಳ ಹೆಸರಿನಲ್ಲಿ ಅದು ಕುಖ್ಯಾತವಾದದ್ದು ಅದರ ದುರದೃಷ್ಟ.

ಆಮೇಲೆ ಬೇಗಬೇಗನೆ ಎಲ್ಲ ಬದಲಾಯಿತು. 2007ರಲ್ಲಿ ಡೇಟಾಒನ್‌ನ ವೇಗ 2 ಎಂಬಿಪಿಎಸ್‌ಗೆ ಏರಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಬ್ರೌಸರುಗಳು ಮುಂದುವರಿಸುವುದನ್ನು ಕಲಿತವು. ಎಚ್‌ಟಿಟಿಪಿಎಸ್ ಎಲ್ಲೆಡೆ ಹರಡಿದ ಮೇಲೆ ನಡುದಾರಿಯ ಪ್ರಾಕ್ಸಿಗಳು ಕೈಹಾಕುವುದೂ ಕಡಿಮೆಯಾಯಿತು. ಹೋಟೆಲಿನ ವೈಫೈಯಲ್ಲಿ ಇಳಿಸಿದ ಜಿಪ್ 12 ಕೆಬಿ ಇದ್ದು, ಒಳಗೆ ಲಾಗಿನ್ ಪುಟ ಇರುವ ಅನುಭವ ಮಾತ್ರ ಇನ್ನೂ ಕೆಲವರಿಗೆ ಆಗುತ್ತದೆ.

ಕನ್ನಡಿಗರ ಮಟ್ಟಿಗೆ ಈ ಕಥೆಯ ಮುಖ್ಯ ಭಾಗ ತಂತ್ರಾಂಶಗಳಲ್ಲಿಲ್ಲ, ಪುಸ್ತಕಗಳಲ್ಲಿದೆ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದಾಗ ಹೊರನಾಡಿನವರು ಅದನ್ನು ಡಯಲ್‌ಅಪ್‌ನಲ್ಲಿ ಇಳಿಸಿಕೊಂಡು ಕನ್ನಡ ಕುಟ್ಟಿದರು, ಸರಿ. ಆದರೆ ಮುಂಬೈಯಲ್ಲೋ ದೆಹಲಿಯಲ್ಲೋ ಕೂತವರಿಗೆ ಹಳೆಯ ಕನ್ನಡ ಪುಸ್ತಕಗಳು ದೊಡ್ಡ ಪ್ರಮಾಣದಲ್ಲಿ ಮೊದಲು ಸಿಕ್ಕಿದ್ದು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರ ಹತ್ತು ಲಕ್ಷ ಪುಸ್ತಕಗಳ ಯೋಜನೆಯ ಭಾರತೀಯ ಅಂಗ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಅದರ ಮುಂದಾಳು, ಹೈದರಾಬಾದಿನ ಐಐಐಟಿಯಲ್ಲಿ ಇನ್ನೊಂದು ನೆಲೆ. ಅಚ್ಚಿನಿಂದ ಮರೆಯಾದ ಎಷ್ಟೋ ಪುಸ್ತಕಗಳು ಅಲ್ಲಿದ್ದವು. ಆದರೆ ಪುಸ್ತಕವಾಗಿ ಅಲ್ಲ. ಒಂದೊಂದು ಪುಟ ಒಂದೊಂದು ಟಿಫ್ ಚಿತ್ರ. ಹೆಸರು ಎಂಟಂಕಿಯದು: 00000001, 00000002, ಹೀಗೆ. ಪುಟ ತೋರಿಸಲು ಬ್ರೌಸರಿಗೆ ಬೇರೆ ಪ್ಲಗಿನ್ ಹಾಕಬೇಕು. ಒಂದು ಪುಟ ಓದಿ ಮುಂದಿನದಕ್ಕೆ ಕಾಯಬೇಕು.

ಹೆಸರಿನ ಆ ಎಂಟಂಕಿಯೇ ದಾರಿ ತೋರಿಸಿತು. ಫ್ಲ್ಯಾಶ್‌ಗೆಟ್‌ನಂಥ ಮ್ಯಾನೇಜರಿನಲ್ಲಿ ಸಾಲು ಡೌನ್‌ಲೋಡ್ ಎಂಬ ಸೌಕರ್ಯವಿತ್ತು. ಒಂದರಿಂದ ಮುನ್ನೂರರವರೆಗೆ ಎಂದು ಹೇಳಿದರೆ ಒಂದೊಂದನ್ನೇ ಸರದಿಯಲ್ಲಿ ತರುತ್ತದೆ. ಇದಕ್ಕೆಂದೇ ಬರೆದ ಡೌನ್‌ಲೋಡರುಗಳೂ ಆಮೇಲೆ ಬಂದವು, ಪುಟಗಳನ್ನು ತಂದು ಪಿಡಿಎಫ್ ಆಗಿ ಹೊಲಿದೂ ಕೊಡುತ್ತಿದ್ದವು. ಮತ್ತೆ ಹೊಲಿಗೆ. ಸರ್ವರಿನಲ್ಲಿ ಒಂದು ಪುಟ ಸಿಗದಿದ್ದರೆ ಬರುವುದು ‘ಸಿಗಲಿಲ್ಲ’ ಎನ್ನುವ ಸಣ್ಣ ಪುಟ, ಟಿಫ್ ಎಂಬ ಹೆಸರು ಹೊತ್ತು. ಪಿಡಿಎಫ್ ಮಾಡುವಾಗ ಅದು ಚಿತ್ರವಲ್ಲವೆಂದು ಸದ್ದಿಲ್ಲದೆ ಬಿಟ್ಟುಹೋದರೆ 142ರ ಮುಂದೆ 144 ಬರುತ್ತದೆ. ಕಾದಂಬರಿಯಲ್ಲಾದರೆ ಓದುವವನಿಗೆ ತಡವರಿಸಿದಂತಾಗಿ ಗೊತ್ತಾಗುತ್ತದೆ. ನಿಘಂಟಿನಲ್ಲೋ ಶಾಸನಸಂಪುಟದಲ್ಲೋ ಯಾರಿಗೂ ಗೊತ್ತಾಗದೆ ಹೋಗಬಹುದು.

2017ರಲ್ಲಿ ಆ ತಾಣ ಹಕ್ಕುಸ್ವಾಮ್ಯದ ತಕರಾರಿನ ನಡುವೆ ಮುಚ್ಚಿತು. ಅಷ್ಟರಲ್ಲಿ ಅಮೆರಿಕದ ಕಾರ್ಲ್ ಮಲಾಮುಡ್, ಪಬ್ಲಿಕ್ ರಿಸೋರ್ಸ್ ಸಂಸ್ಥೆಯವರು, ಅದರ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿದ್ದರು. ಇಂದು ಹಳೆಯ ಕನ್ನಡ ಪುಸ್ತಕ ಹುಡುಕುವವರು ಕೊನೆಗೆ ಹೋಗಿ ನಿಲ್ಲುವುದು ಬಹುಮಟ್ಟಿಗೆ ಅಲ್ಲಿಯೇ. ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಗುರುತು ಸಿಗದಷ್ಟು ತಪ್ಪಿ ಬರೆದಿರುವುದರಿಂದ ಹುಡುಕುವುದೇ ಒಂದು ಕೆಲಸ.

ಆರ್ಕೈವ್‌ನಲ್ಲಿ ಪ್ರತಿ ಪುಸ್ತಕದ ಜೊತೆಗೂ ಒಂದು ಪಟ್ಟಿಯಿದೆ. ಅದರಲ್ಲಿ ಪ್ರತಿ ಫೈಲಿನ ಅಳತೆ, ಸಿಆರ್‌ಸಿ, ಎಂಡಿ5, ಶಾ-1 ಎಲ್ಲವೂ ನಮೂದಾಗಿವೆ. ಪಿಡಿಎಫ್ ಇಳಿಸಿಕೊಂಡು ಲೆಕ್ಕಮಾಡಿ ನೋಡಿದರೆ ಅಕ್ಷರಕ್ಕೆ ಅಕ್ಷರ ತಾಳೆಯಾಗುತ್ತದೆ. ಸ್ಕ್ಯಾನ್ ಮಾಡುವ ದಿನ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಮಗುಚಿದ್ದರೆ, ಆ ಬಿಟ್ಟುಹೋದ ಪುಟವನ್ನೂ ಲೆಕ್ಕಕ್ಕೆ ಹಿಡಿದೇ ತಾಳೆಯಾಗುತ್ತದೆ. ಆ ಪುಟ ಬೇಕಾದವರು ಅಚ್ಚಾದ ಪುಸ್ತಕ ಇರುವ ಗ್ರಂಥಾಲಯವನ್ನು ಹುಡುಕಬೇಕು. ಮೈಸೂರಿನಲ್ಲೋ ಧಾರವಾಡದಲ್ಲೋ ಇರುವ ಗೆಳೆಯರಿಗೆ ಫೋನು ಮಾಡಿ, ಕಪಾಟಿನಿಂದ ಇಳಿಸಿ, ಆ ಒಂದು ಪುಟದ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವಂತೆ ಕೇಳಬೇಕು.